ನಾಲ್ಕು ಬಿಳಿ ಗೂಟ

ಸೆಪ್ಟೆಂಬರ್ 17, ಮಂಗಳವಾರ

ಇವತ್ತಿಗೆ ಮೂರನೇ ಹೊಲ. ಬೆಳಿಗ್ಗೆಯಿಂದ ಟೇಪು ಹಿಡಿದು ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ. ಕೃಷಿ ಇಲಾಖೆಗೆ ತನ್ನ ಇನ್ಸ್‌ಪೆಕ್ಟರ್ ಸೊಂಟದ ಚಿಂತೆ ಇಲ್ಲ, ಮಣ್ಣಿನ ಪಟ್ಟಿಯ ಅಗಲದ ಚಿಂತೆ. ಪ್ರಯೋಗದ ಬೆಳೆಯ ಸುತ್ತ ಬರಿ ಮಣ್ಣು ಇರಬೇಕು, ಅದರಲ್ಲಿ ಒಂದು ಗಿಡವೂ ಹುಟ್ಟಬಾರದು. ಹುಟ್ಟಿದರೆ ಕಿತ್ತು, ಕಿತ್ತೆ ಅಂತ ಬರೆಯಬೇಕು. ಕಿತ್ತೆ. ಬರೆದೆ.

ನೆಸ್ಟರ್ ಪ್ರಿಸ್ಟುಪಾನ ಹೊಲವನ್ನು ಕೊನೆಗೆ ಇಟ್ಟುಕೊಂಡಿದ್ದೆ, ಅಲ್ಲಿ ಊಟ ಸಿಗುತ್ತದೆ. ಮನೆ ಹಿಂದಿನ ಹೊಲ ಪೂರ್ತಿ ಅವನದೇ ಅಗಸೆ. ಅದರ ನಡುವೆ, ಮಣ್ಣಿನ ಪಟ್ಟಿಯ ಒಳಗೆ, ಬೀಜದ ಕಂಪನಿಯ ಕುಲಾಂತರಿ ಅಗಸೆಯ ಒಂದು ತುಂಡು. ಇದರ ಎಣ್ಣೆಗೆ ಮೀನೆಣ್ಣೆಯ ಗುಣ ಬರುತ್ತದಂತೆ. ನೋಡಲು ಎರಡೂ ಒಂದೇ — ಕಂದು ತಿರುಗಿದ ಕಾಯಿ, ಅಲ್ಲಾಡಿಸಿದರೆ ಗಿಲಿಗಿಲಿ. ನಾಲ್ಕು ಮೂಲೆಗೆ ನಾಲ್ಕು ಬಿಳಿ ಗೂಟ. ಬೋರ್ಡಿಲ್ಲ. ಜಾಗ ಗುಟ್ಟು. ಗೊತ್ತಾದರೆ ಯಾರಾದರೂ ಬಂದು ತುಳಿದುಹಾಕುತ್ತಾರೆ ಅಂತ ಇಲಾಖೆಗೆ ಹೆದರಿಕೆ, ಕದಿಯುತ್ತಾರೆ ಅಂತ ಕಂಪನಿಗೆ ಹೆದರಿಕೆ. ಆದ್ದರಿಂದ ಗೊತ್ತಿರುವುದು ನೆಸ್ಟರ್‌ಗೆ, ಅವನ ಹೆಂಡತಿ ಲೆಸ್ಯಾಗೆ, ನನಗೆ.

ಬೀಟ್‌ರೂಟ್ ಸಾರು, ಆಲೂಗಡ್ಡೆ ತುಂಬಿದ ಕಡುಬು. ಮೇಲೆ ಸಬ್ಬಸಿಗೆ. ಲೆಸ್ಯಾ ಬಡಿಸುತ್ತಲೇ ಇದ್ದಳು, ನಾನು ಬೇಡ ಬೇಡ ಅನ್ನುತ್ತಲೇ ತಿಂದೆ.

"ಹಾಲ್ವರ್ ನಿನ್ನೆ ಕೇಳ್ದ ಕಣಮ್ಮ," ಅಂದ ನೆಸ್ಟರ್. "ಏನಯ್ಯಾ ಹೊಲದ ಮಧ್ಯ ಸ್ಮಶಾನದ ಥರ ಗೂಟ ನೆಟ್ಟಿದ್ದೀಯ ಅಂತ. ಬಾಯಿ ತುದಿಗೆ ಬಂದಿತ್ತು."

"ಏನಂದೆ?"

"ಲೆಸ್ಯಾಗೆ ಕೋಪ ಬಂದಾಗ ನಾನು ಮಲಗೋ ಜಾಗ ಅಂದೆ."

ಲೆಸ್ಯಾ ಸೌಟಲ್ಲೇ ಮೊಟಕಿದಳು. ನಾನು ನಗಲಿಲ್ಲ. ಪಕ್ಕದ ಹೊಲದ ಹಾಲ್ವರ್ ಎಂಗೆನ್ ಒಳ್ಳೆಯವನೇ, ಆದರೆ ಅವನ ಬಾಯಿಗೆ ಬಿದ್ದದ್ದು ಕಾಫಿ ಅಂಗಡಿಗೆ ಬಿದ್ದ ಹಾಗೆ.

"ನೋಡು ನೆಸ್ಟರ್, ಹಾಲ್ವರ್‌ಗೆ ಹೇಳೋದೂ ಒಂದೇ, ರೇಡಿಯೋದಲ್ಲಿ ಹೇಳೋದೂ ಒಂದೇ. ಕಾಂಟ್ರಾಕ್ಟ್ ಹೋಗತ್ತೆ. ಬಾಯಿ ಮುಚ್ಕೊಂಡಿರು."

"ಆಯ್ತು ತಾಯಿ. ಹೊಲಿಗೆ ಹಾಕ್ಕೋತೀನಿ."

ಕಡುಬು ಡಬ್ಬಿಗೂ ಹಾಕಿ ಕೊಟ್ಟಳು. ನಾಳೆಗೆ ಅಡುಗೆ ಇಲ್ಲ.

ಸೆಪ್ಟೆಂಬರ್ 18

ಕಂಪನಿಯ ಟ್ರೆಂಟ್ ಫೋನು ಮಾಡಿದ್ದ. ಮುಂದಿನ ವಾರ ಪುಟಾಣಿ ಮಿಷನ್ ತಂದು ಆ ತುಂಡು ಕೊಯ್ಯುತ್ತಾರೆ. ಕಾಳು ಚೀಲಕ್ಕೆ, ಚೀಲ ಪೆಟ್ಟಿಗೆಗೆ, ಪೆಟ್ಟಿಗೆಗೆ ನನ್ನ ಸೀಲ್. ಮಿಕ್ಕಿದ್ದನ್ನು ಸುಡುವುದು. ಹುಡುಗನ ದನಿ ಕೇಳಿದರೆ ಈಗಷ್ಟೇ ಹಲ್ಲುಜ್ಜಿ ಬಂದ ಹಾಗಿರುತ್ತದೆ.

ರಾತ್ರಿ ಹಿಮ ಕಟ್ಟುತ್ತದಂತೆ. ಟೊಮ್ಯಾಟೋ ಗಿಡಕ್ಕೆ ಹಳೇ ಬೆಡ್‌ಶೀಟು ಹೊದೆಸಬೇಕು. ನನ್ನ ಗಂಡ ಮೈರನ್ ಇದ್ದಿದ್ದರೆ ಅವನ ಕೆಲಸ. ಇಲ್ಲ, ಹಾಗಾಗಿ ನಾನೇ ಹೊದೆಸಿದೆ.

ಸೆಪ್ಟೆಂಬರ್ 20, ಶುಕ್ರವಾರ, ಮಧ್ಯಾಹ್ನ

ಸಾಸ್ಕಾಟೂನ್ ನಗರ. ಆಸ್ಪತ್ರೆಯ ಕಾರಿಡಾರು. ಪೆನ್ನು ಸಿಕ್ಕಿತು, ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ನೆಸ್ಟರ್ ಟ್ರಕ್ ಪಕ್ಕದಲ್ಲೇ ಕುಸಿದ. ಲಕ್ವ. ಬಲಗೈ ಬಲಗಾಲು ಹೋಗಿವೆ. ಮಾತು ಹೋಗಿದೆ. ಕಣ್ಣು ಮಾತ್ರ ಎಲ್ಲರನ್ನೂ ಹಿಂಬಾಲಿಸುತ್ತದೆ. ಆಂಬುಲೆನ್ಸ್ ಹಿಂದೆ ಲೆಸ್ಯಾಳನ್ನು ನಾನೇ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ಒಂದೇ ಮಾತು: "ಗೋಧಿ ಅರ್ಧ ಹಂಗೇ ಇದೆ ಡೊರೀನ್. ಅಗಸೆ ಪೂರ್ತಿ ನಿಂತಿದೆ. ಮಳೆ ಬಂದ್ರೆ ಏನ್ ಮಾಡ್ಲಿ?"

ಏನು ಹೇಳಲಿ? ನೀರು ಕುಡಿ ಅಂದೆ.

ಸೆಪ್ಟೆಂಬರ್ 21, ಶನಿವಾರ

ಬೆಳಿಗ್ಗೆ ಹಾಲ್ವರ್ ಫೋನು. ಹಿಂದೆ ಇಂಜಿನ್ ಗುಡುಗುತ್ತಿತ್ತು, ಕಿರುಚಿ ಮಾತಾಡಿದ.

"ಇನ್ಸ್‌ಪೆಕ್ಟ್ರಮ್ಮಾ, ನೀವಿಬ್ರೂ ಅಲ್ಲೇ ಇರಿ. ಇಲ್ಲೀದು ನಮಗ್ ಬಿಡಿ. ಒಂಬತ್ತು ಮಿಷನ್ ಬಂದಿದಾವೆ. ನಮ್ಮನೆಯೋಳು ಬರ್ನಿಸ್ ಊರ್ ಹೆಂಗಸರನ್ನೆಲ್ಲ ಕೂಡ್ಕೊಂಡು ಸ್ಯಾಂಡ್‌ವಿಚ್ ಮಾಡ್ತಿದಾಳೆ. ಸಾಯಂಕಾಲದ ಹೊತ್ತಿಗೆ ನೆಸ್ಟರ್ ಹೊಲ ಬೋಳು!"

ಲೆಸ್ಯಾಗೆ ಹೇಳಿದೆ. ಎರಡು ದಿನದಲ್ಲಿ ಮೊದಲ ಸಲ ಅತ್ತಳು. ನಾನೂ ಅತ್ತೆ. ಮೈರನ್ ಸತ್ತ ವರ್ಷ ಇದೇ ಹಾಲ್ವರ್, ಇದೇ ಮಿಷನ್‌ಗಳು. ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡಿದ್ದೆ, ಧೂಳೆಬ್ಬಿಸಿಕೊಂಡು ಸಾಲಾಗಿ ಬಂದವು. ಥ್ಯಾಂಕ್ಸ್ ಹೇಳೋಣ ಅಂತ ಹೊರಗೆ ಬರುವಷ್ಟರಲ್ಲಿ ಎಲ್ಲ ಹೊರಟುಹೋಗಿದ್ದರು. ಇಲ್ಲಿ ಮುಯ್ಯಿ ಕೊಯ್ಲು ಅಂದರೆ ಹಾಗೇ. ಯಾರೂ ಕರೆಯಲ್ಲ, ಯಾರೂ ಕೇಳಲ್ಲ. ಬರುತ್ತಾರೆ, ಕೊಯ್ಯುತ್ತಾರೆ, ಹೋಗುತ್ತಾರೆ. ಬೈಯುವುದಿದ್ದರೆ ಈ ಊರನ್ನು ನಾನು ಬೇಕಾದಷ್ಟು ಬೈಯಬಲ್ಲೆ, ಆದರೆ ಆ ಸಾಲು ನೆನಪಾದರೆ ಬಾಯಿ ಕಟ್ಟುತ್ತದೆ.

"ಒಂದು ಕಡ್ಡೀನೂ ಬಿಡಬೇಡ ಹಾಲ್ವರ್," ಅಂದೆ ಫೋನಿನಲ್ಲಿ. "ಪೂರ್ತಿ ಬಳಿದುಬಿಡಿ."

"ಅಪ್ಪಣೆ!" ಅಂದ.

ಲೆಸ್ಯಾ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಪಾಪ.

ಸೆಪ್ಟೆಂಬರ್ 22, ಭಾನುವಾರ, ಬೆಳಿಗ್ಗೆ



ಬರ್ನಿಸ್ ವಿಡಿಯೋ ಕಳಿಸಿದ್ದಳು. ಲೆಸ್ಯಾ ಅದನ್ನು ನೆಸ್ಟರ್ ಮುಖದ ಮುಂದೆ ಹಿಡಿದಳು — ನೋಡ್ರೀ, ನಿಮ್ಮ ಹೊಲ, ನೋಡ್ರೀ ಎಷ್ಟು ಜನ ಬಂದಿದಾರೆ. ಒಂಬತ್ತು ಮಿಷನ್, ಒಂದರ ಹಿಂದೆ ಒಂದು ಓರೆಯಾಗಿ. ನೆಸ್ಟರ್ ಕಣ್ಣರಳಿಸಿ ನೋಡಿದ. ಮೊದಲು ನಕ್ಕ ಹಾಗಾಯಿತು, ಅರ್ಧ ಮುಖದಲ್ಲಿ. ಆಮೇಲೆ ಎಡಗೈಯಿಂದ ಫೋನಿಗೆ ಬಡಿದ. ಗಂಟಲಲ್ಲಿ ಏನೋ ಗರಗರ. ಮತ್ತೆ ಬಡಿದ. ಮಂಚದ ಕಂಬಿ ಹಿಡಿದು ಏಳಲು ನೋಡಿದ. ನರ್ಸ್ ಓಡಿಬಂದಳು.

"ಸಂತೋಷ ತಡ್ಕೊಳಕ್ಕಾಗ್ತಿಲ್ಲ ಅವ್ರಿಗೆ," ಅಂತ ಲೆಸ್ಯಾ ನರ್ಸ್‌ಗೆ ಹೇಳಿದಳು, ಕಣ್ಣೊರೆಸಿಕೊಂಡು.

ನೆಸ್ಟರ್ ನನ್ನ ಕಡೆ ನೋಡುತ್ತಿದ್ದ. ನನ್ನೊಬ್ಬಳ ಕಡೆಯೇ.

ಫೋನು ಇಸಿದುಕೊಂಡು ಮತ್ತೆ ನೋಡಿದೆ. ಗೋಧಿ ಹೊಲ ಅಲ್ಲ. ಹಿಂದಿನ ಹೊಲ. ಮಿಷನ್ ಸಾಲು ಅಗಸೆ ಕೊಯ್ಯುತ್ತ ಬಂತು, ಬರಿ ಮಣ್ಣಿನ ಪಟ್ಟಿ ಬಂದಾಗ ಬಾಯಿ ಮೇಲೆತ್ತಿತು, ದಾಟಿತು, ಇಳಿಸಿತು. ಒಳಗೆ ನುಗ್ಗಿತು.

ಅಯ್ಯೋ ದೇವರೇ. ನೆನ್ನೆ ಪೂರ್ತಿ ನನಗೆ ಅದು ನೆನಪಾಗಲಿಲ್ಲ. ಆ ತುಂಡು ನನ್ನ ತಲೆಯಲ್ಲಿ ನೆಸ್ಟರ್‌ನದಲ್ಲ, ಕಂಪನಿಯದು, ಆಫೀಸಿನದು. ಕೊಯ್ಲು ಅಂದಾಗ ಅದು ಬರಲೇ ಇಲ್ಲ. ಒಂದು ಕಡ್ಡೀನೂ ಬಿಡಬೇಡ ಅಂದವಳು ನಾನು.

ಅದೇ ದಿನ, ಸಂಜೆ

ಲೆಸ್ಯಾಗೆ ಬಟ್ಟೆ ತರುತ್ತೇನೆ ಅಂತ ಹೇಳಿ ಹೊರಟುಬಂದೆ. ನೆಸ್ಟರ್‌ನ ಅಂಗಳ. ಶೆಡ್ಡಿನ ಗೋಡೆಗೆ ನಾಲ್ಕು ಬಿಳಿ ಗೂಟ ಒರಗಿಸಿತ್ತು. ದಾರದಿಂದ ಒಟ್ಟಿಗೆ ಕಟ್ಟಿ, ತುದಿಯ ಮಣ್ಣು ಒರೆಸಿ, ನೀಟಾಗಿ.

ಹಾಲ್ವರ್ ಬಂದ. ಗಡ್ಡದ ತುಂಬ ಹೊಟ್ಟು.

"ನೋಡಿದ್ಯಾ? ಮಿಷನ್ ಬಾಯಿಗೆ ಸಿಕ್ಕಿದ್ರೆ ಹಲ್ಲು ಮುರೀತಿತ್ತು ಅಂತ ನಾನೇ ಕಿತ್ತಿಟ್ಟೆ. ವಾಪಸ್ ಬಂದು ನೆಟ್ಕೊಳ್ಳಲಿ, ಲೆಸ್ಯಾಗೇನು ಕೋಪ ಕಮ್ಮಿ ಆಗಲ್ಲ."

"ಆ ನಡುವಿನ ತುಂಡೂ ಕೊಯ್ದ್ರಾ?"

"ಮತ್ತೆ? ಒಂದು ಕಡ್ಡಿ ಬಿಡಬೇಡ ಅಂದೋಳು ನೀನೇ ತಾನೆ? ಎಲ್ಲಕ್ಕಿಂತ ಸೊಗಸಾಗಿತ್ತು ಕಣೇ ಆ ತುಂಡು."

"ಕಾಳು ಎಲ್ಲಿ?"

"ನೇರ ಗೋದಾಮಿಗೆ. ಲೆಸ್ಯಾ ಕೈಗೆ ಬೇಗ ಚೆಕ್ ಬರ್ಲಿ ಅಂತ. ಹವಾ ಚೆನ್ನಾಗಿತ್ತಲ್ಲ, ಇಲ್ಲಿಂದ ಎಲ್ಲರೂ ಹಂಗೇ ಅವರವರ ಅಗಸೆಗೆ ಹೋದ್ರು. ನಾನೂ ಅಷ್ಟೇ, ಇವತ್ತು ಮುಗಿಸಿದೆ. ಯಾಕೆ, ಮುಖ ಯಾಕೆ ಹಂಗಿದೆ? ನೆಸ್ಟರ್‌ಗೆ ಏನಾದ್ರೂ…"

"ಇಲ್ಲ. ಹಾಗೇ ಇದ್ದಾನೆ."

ಹೇಳಲಿಲ್ಲ. ಹೇಳುವ ಹಾಗಿಲ್ಲ. ಜಾಗ ಗುಟ್ಟು. ಬೋಳು ಹೊಲದಲ್ಲಿ ನಿಂತು ಈಗಲೂ ಅದು ಗುಟ್ಟು.

ಸೆಪ್ಟೆಂಬರ್ 23

ಆಫೀಸು. ಮೇಲಧಿಕಾರಿ ಗಾರ್ಥ್‌ಗೆ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡ.

"ಖಚಿತವಾಗಿ ಗೊತ್ತಾ?"

"ವಿಡಿಯೋ ಇದೆ ಗಾರ್ಥ್."

"ವಿಡಿಯೋದಲ್ಲಿ ಅಗಸೆ ಇದೆ. ಯಾವ ಅಗಸೆ ಅಂತ ವಿಡಿಯೋ ಹೇಳತ್ತಾ? ಮೊದ್ಲು ಪರೀಕ್ಷೆ ಮಾಡು. ಆಮೇಲೆ, ಸೋರಿಕೆ ಅನ್ನೋ ಶಬ್ದ ಬಳಸ್ಬೇಡ. ನಿಗದಿಗೆ ಮುಂಚೆ ಆದ ಕೊಯ್ಲು ಅನ್ನು."

ಟ್ರೆಂಟ್‌ಗೂ ಫೋನು ಮಾಡಿದೆ. ಅದೇ ಹಲ್ಲುಜ್ಜಿದ ದನಿ. "ಮೇಡಂ, ಜಿಂಕೆ ಹಿಂಡು ತುಳಿದುಹಾಕ್ತು ಅಂತ ಬರೀಬಹುದಲ್ವಾ? ಜಿಂಕೇನ ಯಾರು ಕರೆದು ಕೇಳ್ತಾರೆ?"

"ಕಾಳು ಗೋದಾಮಿನಲ್ಲಿದೆ."

"ಹಾಗಾದ್ರೆ ಅದು ನೆಸ್ಟರ್ ಅವರ ಜವಾಬ್ದಾರಿ. ಪ್ಲಾಟ್ ಕಾಯೋದು ಅವರ ಕೆಲಸ. ಸಹಿ ಇದೆ."

ಫೋನು ಇಟ್ಟುಬಿಟ್ಟೆ, ಇಲ್ಲದಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ.

ನನಗೆ ನಾನೇ ಬಿಡಿಸಿ ಹೇಳಿಕೊಳ್ಳುತ್ತೇನೆ. ಆ ಅಗಸೆ ತಿಂದು ಯಾರೂ ಸಾಯುವುದಿಲ್ಲ. ಆದರೆ ಅದಕ್ಕೆ ಯಾವ ದೇಶದ ಒಪ್ಪಿಗೆಯೂ ಇಲ್ಲ. ನಮ್ಮ ಅಗಸೆ ಹಡಗು ಹತ್ತಿ ಸಮುದ್ರದಾಚೆ ಹೋಗುತ್ತದೆ. ಅಲ್ಲಿ ಪರೀಕ್ಷೆ ಮಾಡಿ ಒಂದು ಕಾಳು ಸಿಕ್ಕಿದರೂ ಹಡಗು ವಾಪಸ್. ಆಮೇಲೆ ಈ ಪ್ರಾಂತ್ಯದ ಅಗಸೆಯನ್ನೇ ಮೂಸುವವರಿಲ್ಲ, ಎಷ್ಟು ವರ್ಷವೋ. ಈಗಲೇ ತಡೆದರೆ ಹೋಗುವುದು ಈ ಊರಿನ ಅಗಸೆ ಮಾತ್ರ. ಅಂದರೆ ಹಾಲ್ವರ್‌ದು. ಅವತ್ತು ಬಂದ ಒಂಬತ್ತು ಮನೆಯವರದು. ನೆಸ್ಟರ್‌ದು.

ಗೋದಾಮಿನ ಅಗಸೆ ಗುರುವಾರ ರೈಲಿಗೆ ತುಂಬುತ್ತಾರಂತೆ.

ಸೆಪ್ಟೆಂಬರ್ 24

ಪರೀಕ್ಷೆ ದೊಡ್ಡದೇನಲ್ಲ. ಕಾಳು ಕುಟ್ಟಿ ನೀರಲ್ಲಿ ಕದಡಿ ಕಾಗದದ ಪಟ್ಟಿ ಅದ್ದುವುದು. ಮೊದಲನೇ ಗೆರೆ ಬಂದರೆ ಪಟ್ಟಿ ಸರಿಯಿದೆ ಅಂತ. ಎರಡನೆಯದೂ ಬಂದರೆ ಕಂಪನಿಯ ಅಗಸೆ ಇದೆ ಅಂತ. ಎರಡು ಗೆರೆಗೆ ಖುಷಿಪಡುವ ಪರೀಕ್ಷೆ ಬೇರೆ ಒಂದಿದೆ. ಮೈರನ್‌ಗೂ ನನಗೂ ಆ ಭಾಗ್ಯ ಬರಲಿಲ್ಲ.

ನೆಸ್ಟರ್ ಹೊಲದಲ್ಲಿ ಬಿದ್ದ ಕಾಳು: ಎರಡು ಗೆರೆ. ಗೋದಾಮಿನ ಮಾದರಿ: ಎರಡು. ಹಾಲ್ವರ್ ಇಲ್ಲದ ಹೊತ್ತು ನೋಡಿ ಅವನ ಮಿಷನ್ ಹೊಟ್ಟೆಯಿಂದ ಕೆರೆದ ಧೂಳು: ಎರಡು. ಅಗಸೆ ಹಾಳು ಜಾರುಬುರುಕ ಕಾಳು, ಸೂಜಿ ತೂತಲ್ಲೂ ತೂರುತ್ತದೆ, ತಗಡಿನ ಸಂದಿಯಲ್ಲಿ ಅವಿತು ಮುಂದಿನ ಹೊಲದಲ್ಲಿ ಉದುರುತ್ತದೆ.

ಹಾಲ್ವರ್‌ನ ಕಣಜ: ಎರಡು.

ನನ್ನ ಹೊಲ ಗುತ್ತಿಗೆಗೆ ಮಾಡುವವನೂ ಹಾಲ್ವರೇ. ನನ್ನ ಪಾಲು ನನ್ನ ಅಂಗಳದ ಕಣಜದಲ್ಲಿದೆ. ಅದನ್ನೂ ಅದ್ದಿದೆ. ನೋಡದೆ ಇರೋಣ ಅನ್ನಿಸಿತು. ನೋಡಿದೆ. ಎರಡು.

ಸೆಪ್ಟೆಂಬರ್ 25, ಬುಧವಾರ

ಗಾರ್ಥ್‌ಗೆ ಬೆಳಿಗ್ಗೆ ಫೋನು. ಶುಕ್ರವಾರ ಮೀಟಿಂಗ್ ಇದೆ, ಅಲ್ಲಿವರೆಗೆ ತಡಿ ಅಂದ. ರೈಲು ಗುರುವಾರ ಅಂದೆ. ರೈಲು ನಮ್ಮ ಇಲಾಖೆಗೆ ಬರಲ್ಲ ಅಂದ. ನಿಜ, ಅದು ಬರಲ್ಲ. ಆದರೆ ತಡೆ ಹಾಕಲು ಇನ್ಸ್‌ಪೆಕ್ಟರ್ ಸಹಿ ಒಂದೇ ಸಾಕು. ಇಷ್ಟು ವರ್ಷ ಕಾಣದ ಆ ಅಧಿಕಾರ ಇವತ್ತು ಕಂಡಿತು.

ಸಹಿ ಹಾಕುವ ಮುಂಚೆ ಹಾಲ್ವರ್ ಮನೆಗೆ ಹೋದೆ. ಬೇರೆಯವರ ಬಾಯಿಂದ ಅವನು ಕೇಳಬಾರದು. ಗುಟ್ಟಿನ ನಿಯಮ ಮುರಿದೆ, ಮುರಿಯಲಿ. ಅವನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೂತಿದ್ದ. ಹೇಳಿದೆ. ಪೂರ್ತಿ. ಅವನು ಹಚ್ಚುತ್ತಲೇ ಇದ್ದ, ಬ್ರೆಡ್ಡು ಹರಿಯುವವರೆಗೆ.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಬಿತ್ತನೆಯಿಂದ?"

"ಹೂಂ."

"ಪ್ರತಿ ಭಾನುವಾರ ನನ್ನ ಪಕ್ಕ ಕೂತು ಕಾಫಿ ಕುಡಿದೆ."

"ಹಾಲ್ವರ್, ನಿಯಮ —"

"ಒಂದು ಮಾತು, ಡೊರೀನ್. ಆ ತುಂಡಿಗೆ ಹೋಗ್ಬೇಡ ಅಂತ ಒಂದೇ ಮಾತು. ಯಾಕೆ ಅಂತ ನಾನು ಕೇಳ್ತಿರ್ಲಿಲ್ಲ. ನಲವತ್ತು ವರ್ಷದಲ್ಲಿ ನಿನ್ನ ಯಾವತ್ತಾದ್ರೂ ಯಾಕೆ ಅಂತ ಕೇಳಿದೀನಾ?"

ಬರ್ನಿಸ್ ಒಲೆ ಮುಂದೆ ಬೆನ್ನು ಹಾಕಿ ನಿಂತಿದ್ದಳು. ತಿರುಗಲಿಲ್ಲ.

"ಈ ವರ್ಷ ಅರ್ಧಕ್ಕರ್ಧ ಅಗಸೆ ಹಾಕಿದೀನಿ ನಾನು," ಅಂದ. ಆಮೇಲೆ ಮೆಲ್ಲಗೆ, "ಈಗ್ಲೂ ಸುಮ್ನಿರ್ಬಹುದಲ್ಲ ನೀನು. ಬಾಯಿ ಮುಚ್ಕೊಂಡಿರೋದು ನಿಂಗೆ ಹೊಸದಲ್ವಲ್ಲ."

ಎದ್ದು ಬಂದೆ. ಟ್ರಕ್ಕಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದೆ. ಗೋದಾಮಿನ ಮ್ಯಾನೇಜರ್ ಎರಡು ಸಲ ಓದಿದ. ರೈಲು ಡಬ್ಬಿಗಳು ಹಳಿಯ ಮೇಲೇ ಖಾಲಿ ನಿಂತಿವೆ.

ಸರಿ ಮಾಡಿದೆ. ಸರಿ ಮಾಡಿದರೆ ಸಮಾಧಾನ ಆಗುತ್ತದೆ ಅಂತ ಹೇಳಿದವನನ್ನು ಕರೆತಂದು ನನ್ನ ಜಾಗದಲ್ಲಿ ಕೂರಿಸಬೇಕು.

ಅಕ್ಟೋಬರ್ 3

ಬರೆಯುವುದಕ್ಕೆ ಮನಸ್ಸಿಲ್ಲ. ಆದರೂ.

ಊರಿನ ಅಗಸೆ ಎಲ್ಲ ಬೀಗದೊಳಗೆ. ಕೊನೆಗೆ ಹೂಳುತ್ತಾರೋ ಸುಡುತ್ತಾರೋ ತೀರ್ಮಾನ ಆಗಿಲ್ಲ. ತಡಿ ತಡಿ ಅನ್ನುತ್ತಿದ್ದ ಗಾರ್ಥ್‌ಗೆ ಈಗ ಶಿಸ್ತು ಮೈಮೇಲೆ ಬಂದಿದೆ. ಒಂಬತ್ತು ಕೊಯ್ಲು ಮಿಷನ್‌ಗೂ ಸೀಲ್. ಒಂದೊಂದನ್ನೂ ಬಿಚ್ಚಿ, ಊದಿ, ಹೀರಿ, ಪರೀಕ್ಷೆಯಲ್ಲಿ ಒಂದೇ ಗೆರೆ ಬರುವವರೆಗೆ ಹೊಲಕ್ಕೆ ಇಳಿಸುವ ಹಾಗಿಲ್ಲ. ಸೀಲ್ ಹಾಕಲು ಯಾರು ಹೋಗಬೇಕು? ಊರವಳು, ದಾರಿ ಗೊತ್ತಿರುವವಳು. ಅಂಗಳದಿಂದ ಅಂಗಳಕ್ಕೆ ಕೆಂಪು ಟೇಪು ಹಿಡಿದು ಹೋದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಯಿಗಳು ಮಾತ್ರ ಎಂದಿನ ಹಾಗೆ ಬಾಲ ಅಲ್ಲಾಡಿಸಿದವು.

ನನ್ನ ರಿಪೋರ್ಟಿನಲ್ಲಿ ಒಂದು ಸಾಲು ಬರೆದಿದ್ದೆ: ಜಾಗವನ್ನು ನೆರೆಯವರಿಂದ ಮುಚ್ಚಿಟ್ಟದ್ದೇ ಇದಕ್ಕೆ ಕಾರಣ. ಗಾರ್ಥ್ ಹೊಡೆದುಹಾಕಿದ. ಅಭಿಪ್ರಾಯ ಬೇಡ, ಸಂಗತಿ ಸಾಕು ಅಂದ. ಮತ್ತೆ ಬರೆದೆ. ಮತ್ತೆ ಹೊಡೆದುಹಾಕಿದ.

ಕಾಫಿ ಅಂಗಡಿಯಲ್ಲಿ ನನ್ನ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ನಿಂತೇ ಕುಡಿದು ಬಂದೆ.

ಅಕ್ಟೋಬರ್ 6, ಭಾನುವಾರ

ನೆಸ್ಟರ್‌ನನ್ನು ನೋಡಲು ಹೋದೆ. ಲೆಸ್ಯಾ ತಡೆಯಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ಕಂಪನಿಯ ವಕೀಲರಿಂದ ಪತ್ರ ಬಂದಿದೆಯಂತೆ, ಪ್ಲಾಟ್ ಕಾಯದೆ ಬಿಟ್ಟಿದ್ದಕ್ಕೆ. ಲಕ್ವ ಹೊಡೆದು ನೆಲದ ಮೇಲೆ ಬಿದ್ದವನು ಕಾಯಬೇಕಿತ್ತಂತೆ.

ಒಂದು ಶಬ್ದ ವಾಪಸ್ ಬಂದಿದೆ ಅವನಿಗೆ. "ಇಲ್ಲ." ಎಲ್ಲಕ್ಕೂ ಅದೇ. ನೀರು ಬೇಕಾ? ಇಲ್ಲ. ಕೊಟ್ಟರೆ ಕುಡಿಯುತ್ತಾನೆ. ಡಾಕ್ಟರು ಹೇಳುತ್ತಾರೆ, ಆ ಶಬ್ದಕ್ಕೆ ಅರ್ಥ ಹಚ್ಚಬೇಡಿ, ಸಿಕ್ಕಿದ್ದು ಅದೊಂದೇ, ಅದನ್ನೇ ಬಳಸುತ್ತಾರೆ.

ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. "ಬಾಯಿ ಮುಚ್ಕೊಂಡಿರು ಅಂದೋಳು ನಾನೇ ನೆಸ್ಟರ್," ಅಂದೆ. "ನೀನು ಹಾಲ್ವರ್‌ಗೆ ಹೇಳಿಬಿಡ್ತಿದ್ದೆ. ನಾನೇ ಕೆಡಿಸಿದೆ. ನನ್ನ ಮೇಲೆ ಸಿಟ್ಟಾ?"

"ಇಲ್ಲ," ಅಂದ. "ಇಲ್ಲ. ಇಲ್ಲ."

ಅದಕ್ಕೆ ಅರ್ಥ ಹಚ್ಚಬಾರದಂತೆ. ಹೊರಗೆ ಬಂದು ಟ್ರಕ್ಕಿನಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ಅಕ್ಟೋಬರ್ 9

ಹಾಲ್ವರ್‌ನ ತಗ್ಗಿನ ಹೊಲದ ಗೋಧಿ ಇನ್ನೂ ನಿಂತಿದೆ. ಮೇ ತಿಂಗಳಲ್ಲಿ ನೀರು ನಿಂತು ಕೊಳೆತು ಎರಡನೇ ಸಲ ಬಿತ್ತಿದ್ದು, ತಡವಾಗಿ ಮಾಗಿದೆ. ಅಗಸೆ ಹೋದ ಮೇಲೆ ಈ ವರ್ಷ ಅವನಿಗೆ ಉಳಿದದ್ದು ಅದೊಂದೇ. ಶುಕ್ರವಾರ ಸಂಜೆಗೆ ಹಿಮ ಅಂತ ರೇಡಿಯೋ. ಒದ್ದೆ ಹಿಮ, ಮೊಣಕಾಲು ಮಟ್ಟ. ಮಲಗಿದ ಗೋಧಿ ಮತ್ತೆ ಏಳುವುದಿಲ್ಲ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಹಾಲ್ವರ್ ಒಂದು ಫೋನು ಮಾಡುತ್ತಿದ್ದ, ಬೆಳಗಾಗುವಷ್ಟರಲ್ಲಿ ಮಿಷನ್ ಸಾಲು. ಈಗ ಇರುವ ಮಿಷನ್‌ಗೆಲ್ಲ ನನ್ನ ಕೆಂಪು ಟೇಪು. ಹೊರಗಿನಿಂದ ಬಾಡಿಗೆಗೆ ಕೇಳಿದನಂತೆ, ನಿಮ್ಮೂರ ಧೂಳು ನಮ್ಮ ಮಿಷನ್‌ಗೆ ಬೇಡ ಅಂದರಂತೆ. ಊರಿಗೆಲ್ಲ ಹೆಗಲು ಕೊಟ್ಟವನಿಗೆ ಇವತ್ತು ಒಂದು ಹೆಗಲಿಲ್ಲ. ಅದನ್ನು ಇಲ್ಲದಂತೆ ಮಾಡಿದವಳು ನಾನು.

ಗಾರ್ಥ್‌ನನ್ನು ಕೇಳಿದೆ. ಮಿಷನ್ ಸ್ವಚ್ಛ ಮಾಡಿಸುವುದಕ್ಕೆ ಸರದಿ ಇದೆ, ಹಾಲ್ವರ್‌ದು ಮುಂದಿನ ವಾರ ಅಂದ. ನಾಳೆ ನಾಡಿದ್ದು ನನಗೆ ರಜೆ ಬೇಕು ಅಂದೆ. ಯಾಕೆ ಅಂದ. ಮನೆ ಗುಡಿಸಬೇಕು ಅಂದೆ. ರಜೆಯಲ್ಲಿದ್ದರೂ ನನ್ನ ಸಹಿ ಸಹಿಯೇ.

ಅಕ್ಟೋಬರ್ 10, ಗುರುವಾರ

ಮೈರನ್‌ನ ಕಂಪ್ರೆಸರ್, ನನ್ನ ವ್ಯಾಕ್ಯೂಮ್, ಟಾರ್ಚು, ಸ್ಪಾನರ್. ಬೆಳಿಗ್ಗೆಯೇ ಹಾಲ್ವರ್‌ನ ಅಂಗಳಕ್ಕೆ ಹೋದೆ. ಯಾರೂ ಬಾಗಿಲು ತೆಗೆಯಲಿಲ್ಲ. ಶೆಡ್ಡಿನ ಬೀಗ ಮಾತ್ರ ತೆಗೆದಿತ್ತು.

ನನ್ನ ಟೇಪು ನಾನೇ ಹರಿದು ಮಿಷನ್ ಹೊಟ್ಟೆಯೊಳಗೆ ತೂರಿಕೊಂಡೆ. ಐವತ್ತೆಂಟರ ಹೆಂಗಸು ತೂರುವ ಜಾಗ ಅಲ್ಲ ಅದು. ಜರಡಿ ಬಿಚ್ಚಿದೆ, ಬೆಲ್ಟ್ ಬಿಚ್ಚಿದೆ, ಊದಿದೆ, ಹೀರಿದೆ. ಮುಗಿಯಿತು ಅಂದುಕೊಂಡು ಒಂದು ಬೋಲ್ಟ್ ಸಡಿಲಿಸಿದರೆ ಅದರ ಹಿಂದಿನಿಂದ ಹೊಳೆಯುವ ಕಂದು ಕಾಳು ಸೊರ್ರನೆ.

ಮಧ್ಯಾಹ್ನ ಪರೀಕ್ಷೆ. ಎರಡು ಗೆರೆ.

ಮತ್ತೆ ಒಳಗೆ. ಸಂಜೆ ಪರೀಕ್ಷೆ. ಎರಡು. ಮೊದಲಿಗಿಂತ ತೆಳು, ಆದರೆ ಎರಡೇ.

ಹೊರಗೆ ಬಂದಾಗ ಟ್ರಕ್ಕಿನ ಬಾನೆಟ್ ಮೇಲೆ ಒಂದು ಲೋಟ ಕಾಫಿ. ಆರಿಹೋಗಿತ್ತು. ಯಾರು ಇಟ್ಟರೋ ಕೇಳಲಿಲ್ಲ. ಕುಡಿದೆ.

ಅಕ್ಟೋಬರ್ 11, ಶುಕ್ರವಾರ

ಬೆಳಿಗ್ಗೆ ಬಂದಾಗ ಹಾಲ್ವರ್ ಶೆಡ್ಡಿನಲ್ಲೇ ಇದ್ದ. ನಾನು ಒಳಗೆ ತೂರಿದೆ, ಅವನು ಹೊರಗಿನಿಂದ ಒಂದೊಂದೇ ತಗಡು ಬಿಚ್ಚಿ ಕೊಟ್ಟ. ಸ್ಪಾನರ್ ಬೇಕು ಅನ್ನುವ ಮುಂಚೆಯೇ ಕೈಗೆ ಬರುತ್ತಿತ್ತು. ಮೈರನ್ ಜೊತೆ ಎಷ್ಟು ಸಲ ಹೀಗೇ ಕೂತು ಮಿಷನ್ ರಿಪೇರಿ ಮಾಡಿದ್ದನೋ.

ಸೋಮವಾರ ಸುಗ್ಗಿ ಹಬ್ಬ. ಪ್ರತಿ ವರ್ಷ ಇವರ ಮನೆಯಲ್ಲೇ ಊಟ ನನಗೆ. ಈ ಸಲ ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದೇ ದಿನ, ಮಧ್ಯಾಹ್ನ

ಆಕಾಶ ಬೂದಿ. ಗಾಳಿ ಉತ್ತರದಿಂದ ಬೀಸುತ್ತಿದೆ. ಮಿಷನ್ ಎಷ್ಟು ಬಿಚ್ಚಬಹುದೋ ಅಷ್ಟೂ ಬಿಚ್ಚಿ ಮತ್ತೆ ಕಟ್ಟಿದ್ದೇವೆ. ಒಂದೇ ಗೆರೆ ಬಂದರೆ ಈಗಲೇ ಇಳಿಸಬಹುದು. ತಗ್ಗಿನ ಹೊಲ ದೊಡ್ಡದಲ್ಲ, ಹಿಮ ಹಿಡಿಯುವ ಮುಂಚೆ ಮುಗಿದೀತು.

ಕೊನೇ ಪಟ್ಟಿ. ಡಬ್ಬಿಯಲ್ಲಿ ಬೇರೆ ಇಲ್ಲ.

ಒಂದು ಕ್ಷಣ ಅನ್ನಿಸಿತು. ಬರೆದಿಡುತ್ತೇನೆ, ಇಲ್ಲಿ ಓದುವವರು ಯಾರಿದ್ದಾರೆ — ಅದ್ದದೆಯೇ ಒಂದೇ ಗೆರೆ ಅಂತ ಬರೆದುಬಿಡಲಾ ಅನ್ನಿಸಿತು. ಅವನ ಗೋಧಿ ಉಳಿಯುತ್ತದೆ. ಒಂದೆರಡು ಕಾಳು ಎಲ್ಲೋ ಸಂದಿಯಲ್ಲಿ ಇದ್ದರೆ ಇರಲಿ. ಯಾರಿಗೆ ಗೊತ್ತಾಗುತ್ತದೆ?

ಹಾಲ್ವರ್ ನನ್ನ ಮುಖ ನೋಡಿದ. ನಲವತ್ತು ವರ್ಷದ ಪರಿಚಯ, ಮುಖ ಓದಲು ಬರುತ್ತದೆ ಅವನಿಗೆ. ಎರಡು ದಿನದಲ್ಲಿ ಮೊದಲ ಮಾತು ಆಡಿದ.

"ಸರಿಯಾಗಿ ನೋಡು ಡೊರೀನ್. ಏನೇ ಬರ್ಲಿ, ಬಂದಿದ್ದೇ ಬರಿ. ಇಷ್ಟೆಲ್ಲಾ ಹೋಗಿದ್ದು ಸುಳ್ಳಿಗಾಗೋದು ಬೇಡ."

ಅದ್ದಿದೆ. ಪಟ್ಟಿಯನ್ನು ಟ್ರಕ್ಕಿನ ಬಾನೆಟ್ ಮೇಲೆ ಇಟ್ಟಿದ್ದೇನೆ. ಸ್ವಲ್ಪ ಕಾಯಬೇಕು. ಸುಮ್ಮನೆ ನೋಡುತ್ತ ನಿಲ್ಲಲಾಗದೆ ಬರೆಯುತ್ತಿದ್ದೇನೆ. ಹಾಲ್ವರ್ ಮಿಷನ್ ಹತ್ತಿ ಕೂತಿದ್ದಾನೆ, ಕೈ ಕೀಲಿಯ ಮೇಲಿದೆ. ಬರ್ನಿಸ್ ಮೆಟ್ಟಿಲಿಗೆ ಬಂದು ನಿಂತಿದ್ದಾಳೆ. ಕಾಗದದ ಮೇಲೆ ಏನೋ ಬಿತ್ತು, ಶಾಯಿ ಕದಡಿತು. ಹಿಮ.

ಮೊದಲನೇ ಗೆರೆ ಬಂತು.

ಅದರ ಕೆಳಗೆ ಬೆಳ್ಳಗಿದೆ. ಇನ್ನೂ ಬೆಳ್ಳಗೇ ಇದೆ. ದೇವರೇ, ಹಾಗೇ ಇರಲಿ, ಹಾಗೇ —